ಕಂಟ್ರೋಲರ್‌ಗೆ ಟೆಸ್ಟ್ ಬರಿಯೋದು ಎಲ್ಲಿಂದ ಶುರು ಮಾಡಬೇಕ್ರಿ?

ಪ್ರಶ್ನೆ: ರೈಲ್ಸ್‌ನಾಗ ಮಾಡೆಲ್‌ಗೆ ಟೆಸ್ಟ್ ಬರಿಯೋದು ಸ್ವಲ್ಪ ರೂಢಿ ಆಗೇತ್ರಿ. ಆದ್ರ ಕಂಟ್ರೋಲರ್‌ಗೆ ಏನಂತ ಬರೀಬೇಕು ತಿಳಿವಲ್ದು. ಬ್ರೌಸರ್‌ನಾಗ ಫಾರ್ಮ್ ತುಂಬಿ ನೋಡಿದ್ರ ಎಲ್ಲಾ ಬರೋಬರಿ ಐತಿ. ಮತ್ತ ಟೆಸ್ಟ್ ಯಾಕ ಬೇಕು?

ಉತ್ತರ: ರೈಲ್ಸ್ ಎಂದರೆ ರೂಬಿ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟು. ಅದರಲ್ಲಿ ಮಾಡೆಲ್ ಮಾಹಿತಿಯನ್ನೂ ಅದರ ನಿಯಮಗಳನ್ನೂ ನೋಡಿಕೊಳ್ಳುತ್ತದೆ, ಕಂಟ್ರೋಲರ್ ಬ್ರೌಸರ್‌ನಿಂದ ಬಂದ ರಿಕ್ವೆಸ್ಟ್‌ಗೆ ಉತ್ತರ ಕೊಡುತ್ತದೆ. ಬ್ರೌಸರ್‌ನಲ್ಲಿ ನೀವು ನೋಡಿದ್ದು ಒಂದೇ ದಾರಿ. ಲಾಗಿನ್ ಆಗಿರುವವರು ನೀವೇ, ಫಾರ್ಮ್ ಸರಿಯಾಗಿ ತುಂಬಿದವರೂ ನೀವೇ. ಲಾಗಿನ್ ಆಗದವನು ಬಂದರೆ, ಅರ್ಧ ತುಂಬಿದ ಫಾರ್ಮ್ ಬಂದರೆ, ಬೇರೆಯವರ ದಾಖಲೆಗೆ ಯಾರಾದರೂ ಕೈ ಹಾಕಿದರೆ ಏನಾಗುತ್ತದೆ? ಕಂಟ್ರೋಲರ್ ಟೆಸ್ಟ್ ಕೇಳಬೇಕಾದ್ದು ಇದನ್ನು.

ಬ್ಯಾಡಗಿಯ ದಲಾಲಿ ಅಂಗಡಿಗಳಿಗೆ ಒಂದು ಆ್ಯಪ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಅಂಗಡಿಯವರು ಲಾಗಿನ್ ಆಗಿ ಮೆಣಸಿನಕಾಯಿ ಲಾಟ್ ಸೇರಿಸುತ್ತಾರೆ: ರೈತರ ಹೆಸರು, ತಳಿ ಕಡ್ಡಿಯೋ ಡಬ್ಬಿಯೋ, ಎಷ್ಟು ಚೀಲ, ಕ್ವಿಂಟಲ್‌ಗೆ ಎಷ್ಟು ದರ. ದಲಾಲಿ ಲೆಕ್ಕ ಸರಿಯೇ ಎಂಬುದು ಮಾಡೆಲ್ ಟೆಸ್ಟ್‌ನ ಕೆಲಸ, ಅದನ್ನು ಇಲ್ಲಿ ತರಬೇಡಿ. ಇಲ್ಲಿ ರಿಕ್ವೆಸ್ಟ್ ಕಳಿಸಿ ಮೂರನ್ನೇ ನೋಡಿ: ಸ್ಟೇಟಸ್ ಕೋಡ್ ಏನು ಬಂತು, ಯಾವ ಪುಟಕ್ಕೆ ಕಳಿಸಿತು, ಡೇಟಾಬೇಸ್‌ನಲ್ಲಿ ಏನು ಬದಲಾಯಿತು.

ಮೊದಲು ಲಾಗಿನ್. ಈಗಿನ ರೈಲ್ಸ್‌ನಲ್ಲಿ ಕಂಟ್ರೋಲರ್ ಟೆಸ್ಟ್ ಎಂದರೆ ಇಂಟಿಗ್ರೇಶನ್ ಟೆಸ್ಟ್, ಅಂದರೆ ರಿಕ್ವೆಸ್ಟನ್ನು ಇಡೀ ಆ್ಯಪ್ ಮೂಲಕ ಹಾಯಿಸಿ ನೋಡುವ ಟೆಸ್ಟ್. ಇಂಟಿಗ್ರೇಶನ್ ಟೆಸ್ಟ್‌ನಲ್ಲಿ ಸೆಷನ್‌ಗೆ (ಯಾರು ಲಾಗಿನ್ ಆಗಿದ್ದಾರೆಂದು ಆ್ಯಪ್ ನೆನಪಿಡುವ ಜಾಗ) ನೇರವಾಗಿ ಏನನ್ನೂ ತುಂಬಲು ಬರುವುದಿಲ್ಲ. ಸೆಟಪ್‌ನಲ್ಲಿ (ಪ್ರತಿ ಟೆಸ್ಟ್‌ಗೂ ಮೊದಲು ಓಡುವ ಭಾಗ) ಲಾಗಿನ್ ವಿಳಾಸಕ್ಕೆ ಪೋಸ್ಟ್ ಮಾಡಿಯೇ ಒಳಗೆ ಬರಬೇಕು. ಹೊಸಬರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಫಿಕ್ಸ್ಚರ್ (ಟೆಸ್ಟ್‌ಗೆ ಮೊದಲೇ ಬರೆದಿಟ್ಟ ಮಾದರಿ ದಾಖಲೆಗಳ) ಕಡತದ ಪಾಸ್‌ವರ್ಡ್ ಡೈಜೆಸ್ಟ್ ಕಾಲಂನಲ್ಲಿ ಪಾಸ್‌ವರ್ಡನ್ನು ಹಾಗೆಯೇ ಬರೆದುಬಿಡುತ್ತಾರೆ, ಆಗ ಬಿಕ್ರಿಪ್ಟ್ (ಪಾಸ್‌ವರ್ಡನ್ನು ಹ್ಯಾಶ್, ಅಂದರೆ ಮರಳಿ ಬಿಡಿಸಲಾಗದ ರೂಪ, ಮಾಡುವ ಸಾಧನ) 'ಇನ್‌ವ್ಯಾಲಿಡ್ ಹ್ಯಾಶ್' ಎಂದು ತಕರಾರು ತೆಗೆಯುತ್ತದೆ. ಬಿಕ್ರಿಪ್ಟ್‌ನಿಂದಲೇ ಹ್ಯಾಶ್ ಮಾಡಿಸಿ ಅಲ್ಲಿ ಇಡಿ. ಫಿಕ್ಸ್ಚರ್‌ಗಳು ವ್ಯಾಲಿಡೇಶನ್ (ಮಾಡೆಲ್‌ನ ತಪಾಸಣೆ) ತಪ್ಪಿಸಿ ನೇರ ಡೇಟಾಬೇಸ್‌ಗೆ ಹೋಗುತ್ತವೆ ಎಂಬುದೂ ನೆನಪಿರಲಿ. ಸೊನ್ನೆ ಚೀಲದ ಲಾಟ್ ಬರೆದಿಟ್ಟರೆ ಅದೂ ಸದ್ದಿಲ್ಲದೆ ಒಳಗೆ ಬರುತ್ತದೆ.

ಈಗ ಲಾಟ್ ಸೇರಿಸುವ 'ಕ್ರಿಯೇಟ್'. 40 ಚೀಲ, 18000 ದರ ಎಂದು ಪೋಸ್ಟ್ ಮಾಡಿ, 'ಅಸರ್ಟ್ ಡಿಫರೆನ್ಸ್'‌ನಿಂದ ಲಾಟ್‌ಗಳ ಸಂಖ್ಯೆ ಒಂದು ಹೆಚ್ಚಿತೇ ನೋಡಿ, ರೀಡೈರೆಕ್ಟ್ (ಬೇರೆ ಪುಟಕ್ಕೆ ಕಳಿಸುವುದು) ಆಯಿತೇ ನೋಡಿ. ಇಷ್ಟಕ್ಕೇ ನಿಲ್ಲಿಸಬೇಡಿ. ಸ್ಟ್ರಾಂಗ್ ಪ್ಯಾರಾಮ್ಸ್‌ನ ಪರ್ಮಿಟ್ ಸಾಲಿನಲ್ಲಿ (ಫಾರ್ಮ್‌ನ ಯಾವ ಅಂಶಗಳನ್ನು ಒಳಗೆ ಬಿಡಬೇಕೆಂದು ಹೇಳುವ ಸಾಲು) ದರವನ್ನು ಸೇರಿಸಲು ಮರೆತಿದ್ದರೂ, ದರ ಕಡ್ಡಾಯ ಎಂಬ ವ್ಯಾಲಿಡೇಶನ್ ಇಲ್ಲದಿದ್ದರೆ ಲಾಟ್ ಸೇವ್ ಆಗುತ್ತದೆ, ರೀಡೈರೆಕ್ಟ್ ಆಗುತ್ತದೆ, ಟೆಸ್ಟ್ ಹಸಿರಾಗುತ್ತದೆ, ಅಂದರೆ ಪಾಸ್ ಆಗುತ್ತದೆ. ಡೇಟಾಬೇಸ್‌ನಲ್ಲಿ ಮಾತ್ರ ದರದ ಜಾಗ ಖಾಲಿ. ಅದಕ್ಕೇ ಕೊನೆಯ ಲಾಟನ್ನು ಡೇಟಾಬೇಸ್‌ನಿಂದ ಓದಿ ಅದರ ದರ 18000 ಇದೆಯೇ ಎಂದು ಇನ್ನೊಂದು ಸಾಲು ಬರೆಯಿರಿ.

ಮುಂದೆ ಸೊನ್ನೆ ಚೀಲ ಕಳಿಸಿ. ಸಂಖ್ಯೆ ಬದಲಾಗಬಾರದು, 422 (ಕಳಿಸಿದ ಮಾಹಿತಿ ಸರಿಯಿಲ್ಲ ಎಂಬ ಸ್ಟೇಟಸ್ ಕೋಡ್) ಬರಬೇಕು. ಹಳೆಯ ಕೋಡ್‌ನಲ್ಲಿ ತಪ್ಪು ಫಾರ್ಮ್‌ಗೂ 200 (ಎಲ್ಲ ಸರಿ ಎಂಬ ಕೋಡ್) ಬರುತ್ತಿತ್ತು. ರೈಲ್ಸ್ 7ರ ಟರ್ಬೋಗೆ (ಇಡೀ ಪುಟ ಮರುಲೋಡ್ ಮಾಡದೆ ಫಾರ್ಮ್ ಕಳಿಸುವ ಭಾಗ) 422 ಬೇಕು, ಇಲ್ಲದಿದ್ದರೆ ತಪ್ಪಿನ ಸಂದೇಶ ಪರದೆಯ ಮೇಲೆ ಬರುವುದೇ ಇಲ್ಲ. ಸೆಟಪ್‌ನಲ್ಲಿ ಆದ ಲಾಗಿನ್‌ನಿಂದ ಲಾಗೌಟ್ ಆಗಿ, ಲಾಗಿನ್ ಇಲ್ಲದೆ ಕಳಿಸಿದರೆ ಲಾಗಿನ್ ಪುಟಕ್ಕೆ ಹೋಗಬೇಕು, ಸಂಖ್ಯೆ ಹಾಗೇ ಇರಬೇಕು.

ಸಮಯ ಇಲ್ಲ, ಒಂದೇ ಟೆಸ್ಟ್ ಬರೆಯುತ್ತೇನೆ ಎನ್ನುವವರಿಗೆ ನಾವು ಹೇಳುವುದು ಇದನ್ನು: ಒಂದು ಅಂಗಡಿಯವರಾಗಿ ಲಾಗಿನ್ ಆಗಿ, ಪಕ್ಕದ ಅಂಗಡಿಯ ಲಾಟ್‌ನ ದರ ತಿದ್ದಲು ರಿಕ್ವೆಸ್ಟ್ ಕಳಿಸಿ. ಕೋಡ್ 'ಲಾಟ್ ಡಾಟ್ ಫೈಂಡ್' ಎಂದು ಎಲ್ಲ ಅಂಗಡಿಗಳ ಲಾಟ್‌ಗಳಲ್ಲೂ ಹುಡುಕಿದರೆ ಐಡಿ ಗೊತ್ತಿರುವ ಯಾರು ಬೇಕಾದರೂ ತಿದ್ದಬಹುದು. ಬ್ರೌಸರ್‌ನಲ್ಲಿ ಇದು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ಪಕ್ಕದವರ ಲಾಟ್‌ಗೆ ನಿಮ್ಮ ಪುಟದಲ್ಲಿ ಲಿಂಕೇ ಇರುವುದಿಲ್ಲ. ಲಾಗಿನ್ ಆದವರ ಲಾಟ್‌ಗಳೊಳಗೇ ಹುಡುಕುವಂತೆ ಕೋಡ್ ಬದಲಿಸಿದರೆ 404 (ಸಿಗಲಿಲ್ಲ ಎಂಬ ಕೋಡ್) ಬರುತ್ತದೆ. ರೈಲ್ಸ್ 7.1ರಿಂದ ಹೊಸ ಆ್ಯಪ್‌ಗಳ ಟೆಸ್ಟ್‌ನಲ್ಲೂ 404 ಸಿಗುತ್ತದೆ. ಅದಕ್ಕಿಂತ ಹಳೆಯದರಲ್ಲಿ 'ರೆಕಾರ್ಡ್ ನಾಟ್ ಫೌಂಡ್' ಎಕ್ಸೆಪ್ಶನ್ (ಕೋಡನ್ನು ನಿಲ್ಲಿಸುವ ದೋಷ) ನೇರ ಟೆಸ್ಟ್‌ಗೇ ಬಂದು ಬೀಳುತ್ತದೆ, ಅಲ್ಲಿ 'ಅಸರ್ಟ್ ರೈಸಸ್' ಬಳಸಿ. ಕೊನೆಗೆ ಲಾಟನ್ನು ರೀಲೋಡ್ ಮಾಡಿ ದರ ಬದಲಾಗಿಲ್ಲ ಎಂದೂ ನೋಡಿ. ರೀಲೋಡ್ ಮರೆತರೆ ಟೆಸ್ಟ್ ಮೆಮೊರಿಯಲ್ಲಿರುವ ಹಳೆಯ ದರವನ್ನೇ ನೋಡಿ ಸರಿ ಎನ್ನುತ್ತದೆ.

ಹಳೆಯ ಟ್ಯುಟೋರಿಯಲ್‌ಗಳಲ್ಲಿ 'ಅಸೈನ್ಸ್' (ಕಂಟ್ರೋಲರ್ ಒಳಗಿನ ವೇರಿಯಬಲ್‌ಗಳನ್ನು ಟೆಸ್ಟ್‌ನಿಂದ ನೋಡುವ ವಿಧಾನ) ಕಂಡರೆ ಬಿಟ್ಟು ಮುಂದೆ ಹೋಗಿ. 2016ರ ರೈಲ್ಸ್ 5ರಲ್ಲಿ ಅದನ್ನು ಬೇರೆ ಲೈಬ್ರರಿಗೆ, ಅಂದರೆ ಜೆಮ್‌ಗೆ ಸಾಗಿಸಿದ್ದಾರೆ.

ಎಲ್ಲ ಹಸಿರಾದ ಮೇಲೆ ಇನ್ನೊಂದು ಕೆಲಸವಿದೆ. ಲಾಗಿನ್ ಕೇಳುವ 'ಬಿಫೋರ್ ಆ್ಯಕ್ಷನ್' ಸಾಲನ್ನು ಕಾಮೆಂಟ್ ಮಾಡಿ (ಓಡದಂತೆ ಮಾಡಿ) ಟೆಸ್ಟ್ ಓಡಿಸಿ. ಲಾಗಿನ್ ಟೆಸ್ಟ್ ಕೆಂಪಾಗಲೇಬೇಕು. ಆಗದಿದ್ದರೆ ಆ ಟೆಸ್ಟ್ ಲಾಗಿನ್ ಪುಟವನ್ನೂ ಲಾಟ್‌ಗಳ ಸಂಖ್ಯೆಯನ್ನೂ ನಿಜವಾಗಿ ಪರೀಕ್ಷಿಸುತ್ತಿದೆಯೇ ಎಂದು ಮೊದಲು ನೋಡಿ.