ಎರಡು ಎಂಬಿ ಕಡತದ ರಾಜಕೀಯ

1998ರ ಜನವರಿ 28ರಂದು ಜಾನ್ ಪೋಸ್ಟೆಲ್ ಎಂಟು ಮಂದಿಗೆ ಒಂದು ಇಮೇಲ್ ಕಳುಹಿಸಿದರು. ಇಂಟರ್ನೆಟ್‌ನ ಹೆಸರು-ಸಂಖ್ಯೆಗಳ ಲೆಕ್ಕವನ್ನು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ಇಟ್ಟುಕೊಂಡು ಬಂದಿದ್ದ, ಉದ್ದ ಗಡ್ಡದ ಕಂಪ್ಯೂಟರ್ ವಿಜ್ಞಾನಿ ಅವರು. ಆ ಎಂಟು ಮಂದಿ ನೋಡಿಕೊಳ್ಳುತ್ತಿದ್ದದ್ದು ಇಂಟರ್ನೆಟ್‌ನ ಮೂಲ ಸರ್ವರ್‌ಗಳನ್ನು. ಇನ್ನು ಮೇಲೆ ನಿಮ್ಮ ಪಟ್ಟಿಯನ್ನು ಸರ್ಕಾರದ ಗುತ್ತಿಗೆ ಹಿಡಿದ ಕಂಪನಿಯಿಂದ ಪಡೆಯಬೇಡಿ, ನನ್ನ ಯಂತ್ರದಿಂದ ಪಡೆಯಿರಿ ಎಂಬುದು ಪತ್ರದ ಸಾರ. ಅವರು ಹಾಗೆಯೇ ಮಾಡಿದರು. ಬಳಕೆದಾರರಿಗೆ ಏನೂ ಗೊತ್ತಾಗಲಿಲ್ಲ, ಶ್ವೇತಭವನಕ್ಕೆ ಗೊತ್ತಾಯಿತು. ಕ್ಲಿಂಟನ್ ಅವರ ಸಲಹೆಗಾರ ಐರಾ ಮ್ಯಾಗಜೀನರ್ ಆಕ್ಷೇಪಿಸಿದರು. ಅದೊಂದು ಪರೀಕ್ಷೆಯಷ್ಟೇ ಎಂದು ಹೇಳಿ ಪೋಸ್ಟೆಲ್ ಎಲ್ಲವನ್ನೂ ಮೊದಲಿನಂತೆ ಮಾಡಿದರು.

ಇಷ್ಟಕ್ಕೂ ಆ ಪಟ್ಟಿಯಲ್ಲಿ ಏನಿದೆ? ಜಾಲತಾಣದ ವಿಳಾಸದ ಕೊನೆಯ ತುಂಡು ನೋಡಿ: ಡಾಟ್ ಕಾಮ್, ಡಾಟ್ ಇನ್, ಡಾಟ್ ಆರ್‌ಯು. ಅಂಥ ಪ್ರತಿಯೊಂದರ ಬಗ್ಗೆ ಯಾವ ಯಂತ್ರವನ್ನು ವಿಚಾರಿಸಬೇಕು ಎಂಬ ಮಾಹಿತಿ ಅಲ್ಲಿದೆ. ಈಗ ಅಂಥ 1,400ಕ್ಕೂ ಹೆಚ್ಚು ಹೆಸರುಗಳಿವೆ. ಕಡತದ ಗಾತ್ರ ಸುಮಾರು ಎರಡು ಎಂಬಿ. ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೊ ಇದಕ್ಕಿಂತ ದೊಡ್ಡದಿರುತ್ತದೆ. ಅದನ್ನು ಹಂಚುವ ಸರ್ವರ್‌ಗಳಿಗೆ 13 ಹೆಸರು, ನಡೆಸುವ ಸಂಸ್ಥೆಗಳು 12. ಅವುಗಳಲ್ಲಿ ಒಂಬತ್ತು ಅಮೆರಿಕದವು.

ಇದೇ ಪಟ್ಟಿಯನ್ನು ನಂಬಬೇಕು ಎಂದು ಜಗತ್ತಿನ ಯಾವ ಒಪ್ಪಂದವೂ ಹೇಳುವುದಿಲ್ಲ. ಬೇರೆಯವರೂ ಇದನ್ನೇ ನಂಬುತ್ತಾರೆ ಎಂಬ ಕಾರಣಕ್ಕೆ ಎಲ್ಲರೂ ನಂಬುತ್ತಾರೆ. ಪೋಸ್ಟೆಲ್ ಅವರ ಇಮೇಲ್ ಕೆಲಸ ಮಾಡಿದ್ದೂ ಇದೇ ಕಾರಣಕ್ಕೆ. ರಾಜಕೀಯದ ಗಾಳಿ ಯಂತ್ರಗಳಿಗೆ ತಾಗುವುದಿಲ್ಲ, ಈ ನಂಬಿಕೆಗೆ ತಾಗುತ್ತದೆ.

1998ರಲ್ಲೇ, ಈ ಪಟ್ಟಿಯನ್ನು ನೋಡಿಕೊಳ್ಳಲು ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆ ಕ್ಯಾಲಿಫೋರ್ನಿಯಾದಲ್ಲಿ ನೋಂದಣಿಯಾಯಿತು. ಕೆಲವೇ ವಾರಗಳಲ್ಲಿ ಪೋಸ್ಟೆಲ್ ತೀರಿಕೊಂಡರು. ಪಟ್ಟಿಯಲ್ಲಿ ಏನು ಬದಲಾಗಬೇಕಾದರೂ ಅಮೆರಿಕದ ವಾಣಿಜ್ಯ ಇಲಾಖೆಯ ಒಪ್ಪಿಗೆ ಬೇಕೆಂಬ ವ್ಯವಸ್ಥೆ ಮಾತ್ರ ಹಾಗೆಯೇ ಉಳಿಯಿತು. ಇತರ ದೇಶಗಳಿಗೆ ಇದು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. 2011ರಲ್ಲಿ ಭಾರತ ವಿಶ್ವಸಂಸ್ಥೆಯಲ್ಲಿ, ಇಂಟರ್ನೆಟ್ ನೀತಿಗೆಂದೇ ಸರ್ಕಾರಗಳ ಸಮಿತಿಯೊಂದು ಬೇಕೆಂದು ಕೇಳಿತು. 2014ರಲ್ಲಿ ದೆಹಲಿಯಲ್ಲಿ ಸರ್ಕಾರ ಬದಲಾಯಿತು. 2015ರಲ್ಲಿ ಅದೇ ಭಾರತ, ಸರ್ಕಾರ, ಉದ್ಯಮ, ತಜ್ಞರು, ನಾಗರಿಕರು ಎಲ್ಲರೂ ಸೇರಿ ನಡೆಸುವ ಪದ್ಧತಿಯೇ ಸರಿ ಎಂದಿತು. ದೇಶವೊಂದರ ನಿಲುವು ಎಂದು ಅಂತರರಾಷ್ಟ್ರೀಯ ಸಭೆಗಳಲ್ಲಿ ಗಂಭೀರವಾಗಿ ಓದುವ ಹೇಳಿಕೆಯ ಆಯುಸ್ಸು ಎಷ್ಟೋ ಸಲ ಒಂದು ಚುನಾವಣೆಯಿಂದ ಇನ್ನೊಂದಕ್ಕೆ, ಅಷ್ಟೇ.

2013ರಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಬೇಹುಗಾರಿಕೆಯನ್ನು ಬಯಲಿಗೆಳೆದ ಮೇಲೆ ಹಳೆಯ ವ್ಯವಸ್ಥೆಯನ್ನು ಸಮರ್ಥಿಸಿಕೊಳ್ಳುವುದೇ ಕಷ್ಟವಾಯಿತು. ಬ್ರೆಜಿಲ್ ಅಧ್ಯಕ್ಷೆ ಜಿಲ್ಮಾ ರೂಸೆಫ್ ವಿಶ್ವಸಂಸ್ಥೆಯ ವೇದಿಕೆಯಲ್ಲೇ ಅಮೆರಿಕವನ್ನು ತರಾಟೆಗೆ ತೆಗೆದುಕೊಂಡರು. 2014ರ ಮಾರ್ಚ್‌ನಲ್ಲಿ ಒಬಾಮ ಸರ್ಕಾರ ಉಸ್ತುವಾರಿಯನ್ನು ಬಿಟ್ಟುಕೊಡುವುದಾಗಿ ಘೋಷಿಸಿತು. ಐಕ್ಯಾನ್ ಜೊತೆಗಿನ ಸರ್ಕಾರದ ಗುತ್ತಿಗೆ ಮುಗಿಯಬೇಕಿದ್ದದ್ದು 2016ರ ಸೆಪ್ಟೆಂಬರ್ 30ರಂದು, ಅಂದರೆ ಅಧ್ಯಕ್ಷೀಯ ಚುನಾವಣೆಗೆ ಸುಮಾರು ಐದು ವಾರ ಮುಂಚೆ. ಇಂಟರ್ನೆಟ್ಟನ್ನು ಪರಕೀಯರಿಗೆ ಒಪ್ಪಿಸುತ್ತಿದ್ದಾರೆ ಎಂದು ಸೆನೆಟರ್ ಟೆಡ್ ಕ್ರೂಜ್ ಕೂಗೆಬ್ಬಿಸಿದರು. ನಾಲ್ಕು ರಾಜ್ಯಗಳು ಟೆಕ್ಸಸ್‌ನ ನ್ಯಾಯಾಲಯಕ್ಕೆ ಹೋದವು. ಕೊನೆಯ ದಿನವೇ ನ್ಯಾಯಾಧೀಶರು ತಡೆಯಾಜ್ಞೆ ನಿರಾಕರಿಸಿದರು, ಅಕ್ಟೋಬರ್ 1ಕ್ಕೆ ಹಸ್ತಾಂತರವಾಯಿತು. ಗುತ್ತಿಗೆಯ ಅವಧಿ ಇನ್ನು ನಾಲ್ಕು ತಿಂಗಳು ಹೆಚ್ಚಿದ್ದು, ಟ್ರಂಪ್ ಅಧಿಕಾರಕ್ಕೆ ಬಂದ ಮೇಲೆ ಮುಗಿಯುವಂತಿದ್ದರೆ ಇದು ಆಗುತ್ತಿರಲಿಲ್ಲ ಎಂಬುದು ನನ್ನ ಊಹೆ.

ಉಸ್ತುವಾರಿ ಹೋದರೂ ನೆಲ ಅಮೆರಿಕದ್ದೇ. ಇರಾನ್ ಸರ್ಕಾರದ ವಿರುದ್ಧ ಪರಿಹಾರದ ಡಿಕ್ರಿ ಪಡೆದಿದ್ದ ಭಯೋತ್ಪಾದನೆ ಸಂತ್ರಸ್ತರ ಕುಟುಂಬಗಳು, ಮನೆ-ಜಮೀನು ಜಪ್ತಿ ಮಾಡಿದಂತೆ ಡಾಟ್ ಐಆರ್ ಹೆಸರನ್ನೇ ಜಪ್ತಿ ಮಾಡಿಕೊಡಿ ಎಂದು ವಾಷಿಂಗ್ಟನ್‌ನಲ್ಲಿ ಕೇಳಿದ್ದವು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಸಂಬಂಧವೇ ಇಲ್ಲದ ಮೂರನೆಯವರಿಗೆ ತೊಂದರೆಯಾಗುತ್ತದೆ ಎಂದಿತು. ಒಂದು ದೇಶದ ಹೆಸರಿನ ಹಣೆಬರಹ ಇನ್ನೊಂದು ದೇಶದ ನ್ಯಾಯಪೀಠದ ಮುಂದೆ ಬಂದಿತ್ತು ಎಂಬುದನ್ನು ಟೆಹ್ರಾನ್ ಮಾತ್ರವಲ್ಲ, ಬೇರೆ ರಾಜಧಾನಿಗಳೂ ಗಮನಿಸಿರಬೇಕು.

ನಿಜವಾದ ಅಗ್ನಿಪರೀಕ್ಷೆ ಬಂದದ್ದು 2022ರಲ್ಲಿ. ರಷ್ಯಾ ದಾಳಿ ಮಾಡಿದ ಕೆಲವೇ ದಿನಗಳಲ್ಲಿ ಉಕ್ರೇನ್ ಐಕ್ಯಾನ್‌ಗೆ ಪತ್ರ ಬರೆದು, ಡಾಟ್ ಆರ್‌ಯು ಹೆಸರನ್ನು ಪಟ್ಟಿಯಿಂದ ಕಿತ್ತುಹಾಕಿ ಎಂದು ಬೇಡಿತು. ಬಾಂಬು ಬೀಳುತ್ತಿರುವ ಊರಿನಿಂದ ಬಂದ ಮನವಿ ಅದು. ಐಕ್ಯಾನ್‌ನ ಆಗಿನ ಮುಖ್ಯಸ್ಥ ಯೋರಾನ್ ಮಾರ್ಬಿ ಒಪ್ಪಲಿಲ್ಲ: ಹಾಗೆ ಏಕಪಕ್ಷೀಯವಾಗಿ ತೆಗೆಯುವುದು ನಮ್ಮ ಕೆಲಸವಲ್ಲ, ಶಿಕ್ಷೆ ವಿಧಿಸಲು ಹೊರಟರೆ ನಮ್ಮನ್ನು ಯಾರೂ ನಂಬುವುದಿಲ್ಲ ಎಂಬ ಅರ್ಥದ ಉತ್ತರ ಕೊಟ್ಟರು. ಓದುವಾಗ ಮನಸ್ಸು ಒಪ್ಪುವುದಿಲ್ಲ, ಆದರೂ ಉತ್ತರ ಸರಿ ಎಂದೇ ನನಗೆ ಅನಿಸುತ್ತದೆ. 2019ರಲ್ಲೇ ರಷ್ಯಾ, ಹೊರಜಗತ್ತಿನ ಸಂಪರ್ಕ ಕಡಿದರೂ ನಡೆಯುವಂಥ ಸ್ವಂತ ಹೆಸರಿನ ವ್ಯವಸ್ಥೆ ಇರಬೇಕೆಂದು ಕಾನೂನು ಮಾಡಿಕೊಂಡಿತ್ತು. ಅಂದು ಹೆಸರನ್ನು ತೆಗೆದಿದ್ದರೆ ಆ ಕಾನೂನಿಗೆ ಬೇಕಾದ ಸಮರ್ಥನೆ ಪುಕ್ಕಟೆಯಾಗಿ ಸಿಗುತ್ತಿತ್ತು.

ಕ್ಯಾಲಿಫೋರ್ನಿಯಾದ ಎಲ್ ಸೆಗುಂಡೊದಲ್ಲಿ ಒಂದು ಕೋಣೆಯಿದೆ, ವರ್ಜೀನಿಯಾದ ಕಲ್‌ಪೆಪರ್‌ನಲ್ಲಿ ಅಂಥದ್ದೇ ಇನ್ನೊಂದು. ಆ ಪಟ್ಟಿ ಅಸಲಿ ಎಂದು ಸಾಬೀತು ಮಾಡುವ ಡಿಜಿಟಲ್ ಸಹಿಯ ಮೂಲ ಕೀಲಿ ಇರುವುದು ಈ ಕೋಣೆಗಳ ತಿಜೋರಿಗಳಲ್ಲಿ. ವರ್ಷಕ್ಕೆ ನಾಲ್ಕು ಸಲ ಬೇರೆಬೇರೆ ದೇಶಗಳ ಸ್ವಯಂಸೇವಕರು ಬಂದು, ತಿಜೋರಿ ತೆಗೆಸಿ, ಮೊಹರು ಮಾಡಿದ ಚೀಲಗಳ ಸಂಖ್ಯೆಯನ್ನು ಗಟ್ಟಿಯಾಗಿ ಓದಿಸಿ, ಮುಂದಿನ ಮೂರು ತಿಂಗಳಿಗೆ ಬೇಕಾದ ಸಹಿಗಳನ್ನು ತಯಾರಿಸುತ್ತಾರೆ. ಎಲ್ಲವೂ ನೇರ ಪ್ರಸಾರವಾಗುತ್ತದೆ. ನೋಡಲು ತೀರಾ ಬೇಸರದ ಕಾರ್ಯಕ್ರಮ. ಬೇಸರ ಬರುವಷ್ಟು ಬಯಲಾಗಿರುವುದೇ ಅದರ ಉದ್ದೇಶ. 2020ರ ಫೆಬ್ರುವರಿಯಲ್ಲಿ ತಿಜೋರಿಯ ಬೀಗ ಕೆಟ್ಟು, ಬಂದವರೆಲ್ಲ ಕೆಲವು ದಿನ ಕಾಯಬೇಕಾಯಿತು. ಏಪ್ರಿಲ್‌ನಲ್ಲಿ ಕೋವಿಡ್‌ನಿಂದಾಗಿ ಯಾರೂ ವಿಮಾನ ಹತ್ತುವಂತಿರಲಿಲ್ಲ. ಕೆಲವು ಸ್ವಯಂಸೇವಕರು ತಮ್ಮ ಬಳಿಯಿದ್ದ, ತಿಜೋರಿಯೊಳಗಿನ ಪೆಟ್ಟಿಗೆಗಳ ಕೀಲಿಗಳನ್ನು ಪಾರ್ಸೆಲ್ ಮಾಡಿ, ದೂರದಿಂದಲೇ ಪರದೆಯ ಮೇಲೆ ನೋಡುತ್ತ ಕುಳಿತರು. ಮತ್ತೆ ಯಾವಾಗ ಸೇರುತ್ತೇವೋ ಎಂದು ಮೂರು ತಿಂಗಳ ಬದಲು ಒಂಬತ್ತು ತಿಂಗಳಿಗೆ ಸಾಕಾಗುವಷ್ಟು ಸಹಿಗಳನ್ನು ಮೊದಲೇ ಮಾಡಿಟ್ಟರು. ಅವು ಇನ್ನೂ ಚಾಲ್ತಿಯಲ್ಲಿರುವಾಗಲೇ ಅಮೆರಿಕದಲ್ಲಿ ಅಧ್ಯಕ್ಷರು ಬದಲಾದರು.