ಒಂದು ಫಾಂಟ್ ತೆಗೆಯಲು ಹೋದರೆ ಸಿನಾಪ್ಟಿಕ್ ಮೂರನ್ನು ಏಕೆ ಕೇಳುತ್ತದೆ?

ಓದುಗರ ಪ್ರಶ್ನೆ: ಉಬುಂಟು ಲಿನಕ್ಸ್‌ನಲ್ಲಿ ‘ನವಿಲು’ ಎಂಬ ಕನ್ನಡ ಫಾಂಟ್ ನನಗೆ ಬೇಡವಾಗಿತ್ತು. ತಂತ್ರಾಂಶಗಳನ್ನು ಹಾಕಲು, ತೆಗೆಯಲು ಬಳಸುವ ಸಿನಾಪ್ಟಿಕ್‌ನಲ್ಲಿ ಅದನ್ನು ತೆಗೆಯಲು ಗುರುತು ಹಾಕಿದರೆ ಇನ್ನೆರಡು ಪ್ಯಾಕೇಜುಗಳೂ (ತಂತ್ರಾಂಶದ ಕಟ್ಟುಗಳೂ) ಹೋಗುತ್ತವೆ ಎನ್ನುತ್ತದೆ. ಅದರಲ್ಲೊಂದು ‘ಫಾಂಟ್ಸ್-ಇಂಡಿಕ್’. ಒಪ್ಪಿದರೆ ಭಾರತೀಯ ಭಾಷೆಗಳ ಫಾಂಟುಗಳೆಲ್ಲ ಅಳಿಸಿಹೋಗುತ್ತವೆಯೇ?

ಉತ್ತರ: ಇಲ್ಲ, ಆ ಕ್ಷಣಕ್ಕೆ ಅಳಿಯುವ ಫಾಂಟ್ ನವಿಲು ಒಂದೇ. ಆದರೆ ನೀವು ಹೆದರಿ ನಿಂತದ್ದು ಒಳ್ಳೆಯದೇ ಆಯಿತು. ಆ ಪಟ್ಟಿಯನ್ನು ಓದದೆ ಮುಂದಿನ ಗುಂಡಿ ಒತ್ತುವವರೇ ಹೆಚ್ಚು.

ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ವ್ಯವಸ್ಥೆಗಳಲ್ಲಿ ಕೆಲವು ಪ್ಯಾಕೇಜುಗಳ ಒಳಗೆ ತಂತ್ರಾಂಶವೇ ಇರುವುದಿಲ್ಲ. ಇವು ಮೆಟಾಪ್ಯಾಕೇಜುಗಳು. ‘ನಾನು ಇರಬೇಕಾದರೆ ಇವೂ ಇರಬೇಕು’ ಎಂಬ ಅವಲಂಬನೆಗಳ ಪಟ್ಟಿಯೇ ಅವುಗಳ ಸರ್ವಸ್ವ. ‘ಫಾಂಟ್ಸ್-ಕೆಎನ್‌ಡಿಎ’ ಅಂಥದ್ದು. ಲೋಹಿತ್, ಗುಬ್ಬಿ, ನವಿಲು ಎಂಬ ಮೂರು ಕನ್ನಡ ಫಾಂಟುಗಳನ್ನು ಅದು ಕಡ್ಡಾಯವಾಗಿ ಬೇಡುತ್ತದೆ. ‘ಫಾಂಟ್ಸ್-ಇಂಡಿಕ್’ ಅದಕ್ಕೂ ಮೇಲಿನದು. ಕನ್ನಡ, ತಮಿಳು, ತೆಲುಗು, ಬಂಗಾಳಿ ಮೊದಲಾದ ಲಿಪಿಗಳ ಇಂಥದೇ ಪಟ್ಟಿಗಳನ್ನು ಒಟ್ಟುಗೂಡಿಸುತ್ತದೆ. ನವಿಲು ಹೋದರೆ ಮೊದಲನೆಯದರ ಷರತ್ತು ಮುರಿಯುತ್ತದೆ, ಅದು ಹೋದರೆ ಎರಡನೆಯದರದು. ದಿನಸಿ ಚೀಟಿ ಹರಿದರೆ ಡಬ್ಬಿಯಲ್ಲಿರುವ ಅಕ್ಕಿ ಖಾಲಿಯಾಗುವುದಿಲ್ಲವಲ್ಲ, ಹಾಗೆಯೇ ಗುಬ್ಬಿ, ಲೋಹಿತ್ ಎರಡೂ ಉಳಿಯುತ್ತವೆ.

ತೊಡಕು ಬರುವುದು ಅನಂತರ. ಉಳಿದ ಫಾಂಟುಗಳನ್ನು ನೀವಾಗಿ ಕೇಳಿ ಹಾಕಿಸಿಕೊಂಡಿರಲಿಲ್ಲ, ಮೆಟಾಪ್ಯಾಕೇಜಿನ ಸಲುವಾಗಿ ಅವು ತಾವಾಗಿ ಬಂದಿದ್ದವು. ಕರೆಸಿಕೊಂಡದ್ದು ಈಗ ಇಲ್ಲವಾದ್ದರಿಂದ ವ್ಯವಸ್ಥೆ ಅವುಗಳನ್ನು ‘ಯಾರಿಗೂ ಬೇಡದವು’ ಎಂದು ಎಣಿಸಬಹುದು. ಮುಂದೊಂದು ದಿನ ಜಾಗ ಖಾಲಿ ಮಾಡಲು ‘ಆಟೋರಿಮೂವ್’ ಆದೇಶ ಕೊಟ್ಟಾಗ ಅವೂ ಹೊರಟುಹೋಗುತ್ತವೆ. ಕಾರಣ ಮಾತ್ರ ನಿಮಗೆ ನೆನಪಿರುವುದಿಲ್ಲ. ಇದನ್ನು ತಡೆಯಲು ಸಿನಾಪ್ಟಿಕ್‌ನ ಎಡಬದಿಯಲ್ಲಿ ಕೆಳಗಿರುವ ‘ಸ್ಟೇಟಸ್’ ಒತ್ತಿ, ‘ಆಟೋ ರಿಮೂವಬಲ್’ ಎಂಬ ಗುಂಪನ್ನು ನೋಡಿ. ಬೇಕಾದ ಫಾಂಟನ್ನು ಆಯ್ದು ‘ಪ್ಯಾಕೇಜ್’ ಮೆನುವಿನಲ್ಲಿ ‘ಆಟೋಮ್ಯಾಟಿಕಲಿ ಇನ್‌ಸ್ಟಾಲ್ಡ್’ ಎದುರಿನ ಗುರುತನ್ನು ತೆಗೆಯಿರಿ. ಅಲ್ಲಿಂದಾಚೆಗೆ ಅದು ನೀವೇ ಹಾಕಿಸಿಕೊಂಡದ್ದೆಂದು ದಾಖಲಾಗುತ್ತದೆ.

ಯಾವುದು ಬರಿಯ ಪಟ್ಟಿ, ಯಾವುದು ನಿಜವಾದ ತಂತ್ರಾಂಶ ಎಂದು ತಿಳಿಯುವುದು ಕಷ್ಟವಲ್ಲ. ಪ್ಯಾಕೇಜಿನ ವಿವರಣೆಯಲ್ಲಿ ಸಾಮಾನ್ಯವಾಗಿ ಅದು ಮೆಟಾಪ್ಯಾಕೇಜ್ ಎಂದೇ ಬರೆದಿರುತ್ತದೆ. ‘ಪ್ರಾಪರ್ಟೀಸ್’ ಕಿಟಕಿಯಲ್ಲಿ ಅದು ಯಾವುದನ್ನು ನೆಚ್ಚಿದೆ, ಅದನ್ನು ಯಾವುವು ನೆಚ್ಚಿವೆ ಎರಡೂ ಕಾಣುತ್ತವೆ. ಸಿನಾಪ್ಟಿಕ್ ಅನ್ನು ನಾನು ಇಂದಿಗೂ ಮೆಚ್ಚುವುದು ಇದಕ್ಕಾಗಿಯೇ. 2011ರ ಅಕ್ಟೋಬರಿನ 11.10 ಆವೃತ್ತಿಯಿಂದ ಉಬುಂಟು ಅದನ್ನು ಜೊತೆಗೆ ಕೊಡುತ್ತಿಲ್ಲ, ನಾವೇ ಹಾಕಿಕೊಳ್ಳಬೇಕು. ಚಿತ್ರ, ನಕ್ಷತ್ರಗಳಿಂದ ಅಲಂಕರಿಸಿದ ಆಪ್ ಅಂಗಡಿಗಳು ಬಚ್ಚಿಡುವ ಸಂಬಂಧಗಳನ್ನು ಅದು ಬಿಚ್ಚಿ ತೋರಿಸುತ್ತದೆ. (ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಎಂಬ ಬೇರೆ ಬಗೆಯ ಪ್ಯಾಕೇಜುಗಳು ಮಾತ್ರ ಅದರ ಕಣ್ಣಿಗೆ ಬೀಳುವುದಿಲ್ಲ.)

ಪಟ್ಟಿ ಓದದಿದ್ದರೆ ಏನಾಗುತ್ತದೆ ಎಂಬುದನ್ನು 2021ರಲ್ಲಿ ಜಗತ್ತೇ ನೋಡಿತು. ಕೆನಡಾದ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಉಬುಂಟು ಆಧರಿಸಿದ ಪಾಪ್ ಓಎಸ್‌ನಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶ ಹಾಕಲು ಹೋದಾಗ ಚಿತ್ರಾತ್ಮಕ ಅಂಗಡಿಯಲ್ಲಿ ಅದು ಆಗಲಿಲ್ಲ. ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್‌ಗೆ ಹೋದರು, ಎಚ್ಚರಿಕೆಯನ್ನು ದಾಟಿ ಒಪ್ಪಿಗೆಯ ವಾಕ್ಯ ಟೈಪ್ ಮಾಡಿದರು, ಡೆಸ್ಕ್‌ಟಾಪ್ ಪೂರ್ತಿ ಹೋಯಿತು. ಮೂಲ ದೋಷ ಪ್ಯಾಕೇಜಿನದೇ ಆಗಿತ್ತು, ಆದರೂ ಆಗಲಿರುವ ಅನಾಹುತ ಪರದೆಯ ಮೇಲೆ ಮೊದಲೇ ಬರೆದಿತ್ತು.

ಸಿನಾಪ್ಟಿಕ್‌ನಲ್ಲಿ ‘ಅಪ್ಲೈ’ ಒತ್ತುವವರೆಗೆ ಏನೂ ಬದಲಾಗುವುದಿಲ್ಲ. ಪಟ್ಟಿಯಲ್ಲಿ ಅಪರಿಚಿತ ಹೆಸರು ಕಂಡರೆ ‘ಎಡಿಟ್’ ಮೆನುವಿನ ‘ಅನ್‌ಮಾರ್ಕ್ ಆಲ್’ ಒತ್ತಿ ಹಿಂದಿರುಗಿ. ಆಗಲೇ ಒತ್ತಿಬಿಟ್ಟಿದ್ದರೆ ‘ಫೈಲ್’ ಮೆನುವಿನ ‘ಹಿಸ್ಟರಿ’ಯಲ್ಲಿ ಯಾವತ್ತು ಯಾವುದು ಹೋಯಿತೆಂಬುದು ದಿನಾಂಕದೊಂದಿಗೆ ಸಿಗುತ್ತದೆ. ಅಲ್ಲಿನ ಹೆಸರುಗಳನ್ನು ಹುಡುಕಿ ಮತ್ತೆ ಹಾಕಿಕೊಳ್ಳಬಹುದು.