ಹೈಡ್‌ನೊಳಗಿನ ಮನುಷ್ಯ ಹಕ್ಕಿಗೆ ಹೇಗೆ ಕಾಣುತ್ತಾನೆ?

ಉತ್ತರ ಕನ್ನಡ ಜಿಲ್ಲೆಯ ಗಣೇಶಗುಡಿಯಲ್ಲಿ, ಸೂಪಾ ಅಣೆಕಟ್ಟು ಕಟ್ಟುವ ಕಾಲದಲ್ಲಿ ಸ್ಫೋಟಕಗಳನ್ನು ಇಡುತ್ತಿದ್ದ ಉಗ್ರಾಣವೊಂದು ಇಂದು ಓಲ್ಡ್ ಮ್ಯಾಗಜೀನ್ ಹೌಸ್ ಎಂಬ ಹೆಸರಿನಲ್ಲಿ ಹಕ್ಕಿ ಛಾಯಾಗ್ರಾಹಕರಿಗೆಲ್ಲ ಪರಿಚಿತವಾಗಿದೆ. ಅಲ್ಲಿ ಮರಗಳ ನೆರಳಿನಲ್ಲಿ ಇಟ್ಟಿರುವ ನೀರಿನ ತೊಟ್ಟಿಗಳಿಗೆ ಸಂಜೆಯ ಹೊತ್ತಿಗೆ ಪಿಕಳಾರಗಳು, ಕಿತ್ತಳೆ ತಲೆಯ ನೆಲಸಿಳ್ಳಾರ, ನೀಲಿ ನೊಣಹಿಡುಕಗಳು ಒಂದರ ಹಿಂದೊಂದರಂತೆ ಇಳಿದು ಬಂದು ಮೀಯುತ್ತವೆ. ಕಾಡಿನ ದಾರಿಯಲ್ಲಿ ಎದುರಾದರೆ ಕ್ಯಾಮೆರಾ ಎತ್ತುವಷ್ಟರಲ್ಲಿ ಪೊದೆಯೊಳಗೆ ಮಾಯವಾಗುವ ಈ ಹಕ್ಕಿಗಳು, ಛಾಯಾಗ್ರಾಹಕರು ಒಳಗೆ ಕುಳಿತು ಕಿಂಡಿಯಿಂದ ಚಿತ್ರ ತೆಗೆಯುವ, ಹೈಡ್ ಎಂದು ಕರೆಯುವ ಮರೆಯೊಂದು ನಡುವೆ ಇದ್ದರೆ, ಕೆಲವೇ ಮೀಟರ್ ದೂರದಲ್ಲಿ ರೆಕ್ಕೆ ಬಡಿದು ನೀರು ಚಿಮ್ಮಿಸುತ್ತವೆ.

ಮರೆಯ ಹಿಂದೆ ಕುಳಿತರೆ ಹಕ್ಕಿಗೆ ನಾವು ಕಾಣುವುದಿಲ್ಲ, ಆದ್ದರಿಂದ ಅದು ಬರುತ್ತದೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ವಿವರಣೆ. ಇದು ಅರ್ಧ ಮಾತ್ರ ನಿಜ ಎಂದು ನನಗೆ ಅನ್ನಿಸುತ್ತದೆ. ಕಿಂಡಿಯಿಂದ ಹೊರಚಾಚಿದ ಲೆನ್ಸ್ ಹಕ್ಕಿಗೆ ಕಾಣುತ್ತದೆ, ಒಳಗಿನ ಸಣ್ಣ ಸದ್ದುಗಳು ಕೇಳುತ್ತವೆ, ಬಹಳಷ್ಟು ಸಲ ನಾವು ಒಳಹೋದದ್ದನ್ನೂ ಅದು ಕೊಂಬೆಯ ಮೇಲಿನಿಂದ ನೋಡಿಯೇ ಇರುತ್ತದೆ. ಹೈಡ್ ಮಾಡುವ ನಿಜವಾದ ಕೆಲಸವೆಂದರೆ, ಹಕ್ಕಿ ಯಾವ ಲಕ್ಷಣಗಳಿಂದ ಅಪಾಯವನ್ನು ಗುರುತಿಸುತ್ತದೆಯೋ ಆ ಲಕ್ಷಣಗಳನ್ನು ಒಂದೊಂದಾಗಿ ತೆಗೆದುಹಾಕುವುದು.

ಕೆನಡಾದ ರಾನ್ ಯಡೆನ್‌ಬರ್ಗ್ ಮತ್ತು ಲಾರೆನ್ಸ್ ಡಿಲ್ ಎಂಬ ವಿಜ್ಞಾನಿಗಳು 1986ರಲ್ಲಿ ಮಂಡಿಸಿದ ವಿಚಾರವೊಂದು ಇದನ್ನು ಅರಿಯಲು ನೆರವಾಗುತ್ತದೆ. ಬೇಟೆಗಾರ ಪ್ರಾಣಿ ಕಣ್ಣಿಗೆ ಬಿದ್ದ ಕೂಡಲೇ ಹಕ್ಕಿ ಹಾರಿಹೋಗಬೇಕೆಂದಿಲ್ಲ. ಹಾರಿದರೆ ಬಾಯಿಗೆ ಬಂದ ಹುಳು ತಪ್ಪುತ್ತದೆ, ಮೀಯುವುದು ಅರ್ಧಕ್ಕೆ ನಿಲ್ಲುತ್ತದೆ, ಶಕ್ತಿಯೂ ವ್ಯಯವಾಗುತ್ತದೆ. ಉಳಿಯುವುದರ ಅಪಾಯ ಹಾರುವುದರ ನಷ್ಟವನ್ನು ಮೀರುವ ದೂರದವರೆಗೂ ಅದು ಕಾಯುತ್ತದೆ. ಹಕ್ಕಿಯಿಂದ ಹಕ್ಕಿಗೆ, ಋತುವಿನಿಂದ ಋತುವಿಗೆ ಈ ದೂರ ಬದಲಾಗುವುದು ಇದೇ ಕಾರಣಕ್ಕೆ. ಬೇಸಿಗೆಯಲ್ಲಿ ಹಳ್ಳಗಳು ಬತ್ತಿದಾಗ ನೀರಿನ ತೊಟ್ಟಿಯ ಬೆಲೆ ಏರುತ್ತದೆ, ಹಕ್ಕಿ ಹೆಚ್ಚು ಅಪಾಯವನ್ನು ಸಹಿಸಿಕೊಳ್ಳುತ್ತದೆ. ಹೈಡ್ ಲೆಕ್ಕದ ಇನ್ನೊಂದು ಬದಿಯನ್ನು, ಅಂದರೆ ಅಪಾಯದ ಬದಿಯನ್ನು, ಹಗುರಗೊಳಿಸುತ್ತದೆ.

ಅಪಾಯವನ್ನು ಹಕ್ಕಿ ಓದುವುದು ಮುಖ್ಯವಾಗಿ ಕಣ್ಣಿನಿಂದ. ನಮ್ಮ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಮೂರು ಬಗೆಯವಾದರೆ ಬಹುತೇಕ ಹಗಲುಹಕ್ಕಿಗಳಲ್ಲಿ ನಾಲ್ಕು ಬಗೆ ಇವೆ, ಆ ನಾಲ್ಕನೆಯದು ನೇರಳೆ ಅಥವಾ ನೇರಳಾತೀತ ಬೆಳಕಿಗೆ ಸ್ಪಂದಿಸುತ್ತದೆ. ಆದ್ದರಿಂದ ನಮ್ಮ ಕಣ್ಣಿಗೆ ಎಲೆಯ ಹಸಿರಿನಲ್ಲಿ ಕರಗಿಹೋದಂತೆ ಕಾಣುವ ಬಟ್ಟೆ ಹಕ್ಕಿಯ ಕಣ್ಣಿಗೂ ಹಾಗೆಯೇ ಕಾಣುತ್ತದೆ ಎಂದು ನಂಬುವಂತಿಲ್ಲ. ಅನೇಕ ಬಟ್ಟೆ ಸೋಪಿನ ಪುಡಿಗಳಲ್ಲಿರುವ ಹೊಳಪುಕಾರಕಗಳು ನೇರಳಾತೀತ ಬೆಳಕನ್ನು ಹೀರಿ ನೀಲಿ ಬೆಳಕಾಗಿ ಹೊರಸೂಸುವುದರಿಂದ, ಚೆನ್ನಾಗಿ ಒಗೆದ ಟೋಪಿಯೊಂದು ಕಾಡಿನ ನೆರಳಿನಲ್ಲಿ ಎಲೆಗಳಿಗಿಂತ ಬೇರೆಯಾಗಿಯೇ ಎದ್ದು ಕಾಣುತ್ತದೆ. ಎಲೆ ಚಿತ್ತಾರದ ದುಬಾರಿ ಉಡುಪಿಗೆ ಹಣ ಸುರಿಯುವುದಕ್ಕಿಂತ, ಮನುಷ್ಯಾಕೃತಿಯನ್ನೇ ಮುಚ್ಚಿಬಿಡುವ ಗಟ್ಟಿ ಬಣ್ಣದ ಒಂದು ದಪ್ಪ ಬಟ್ಟೆ ಹೆಚ್ಚು ಉಪಯುಕ್ತವೆಂದು ನಾನು ಹೇಳುವುದು ಈ ಕಾರಣಕ್ಕೆ.

ಬಣ್ಣಕ್ಕಿಂತಲೂ ನಮ್ಮನ್ನು ಹೆಚ್ಚಾಗಿ ಹಿಡಿದುಕೊಡುವುದು ಚಲನೆ. ಮಿನುಗುವ ದೀಪದ ವೇಗವನ್ನು ಹೆಚ್ಚಿಸುತ್ತಾ ಹೋದರೆ ಒಂದು ಹಂತದಲ್ಲಿ ನಮಗೆ ಅದು ಎಡೆಬಿಡದೆ ಉರಿಯುವ ದೀಪವಾಗಿ ಕಾಣತೊಡಗುತ್ತದೆ. ಸಾಮಾನ್ಯವಾಗಿ ಆ ಹಂತ ಸೆಕೆಂಡಿಗೆ ಸುಮಾರು 60 ಮಿನುಗುಗಳ ಆಸುಪಾಸಿನಲ್ಲಿದೆ. ಯುರೋಪಿನ ಬ್ಲೂ ಟಿಟ್ ಮತ್ತು ಎರಡು ಜಾತಿಯ ನೊಣಹಿಡುಕಗಳ ಮೇಲೆ ಸ್ವೀಡನ್ನಿನ ವಿಜ್ಞಾನಿಗಳು ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಈ ಪುಟ್ಟ ಹಕ್ಕಿಗಳು ಸೆಕೆಂಡಿಗೆ 130ರಿಂದ 145ರಷ್ಟು ಮಿನುಗುಗಳನ್ನೂ ಬಿಡಿಬಿಡಿಯಾಗಿ ಗ್ರಹಿಸಬಲ್ಲವು ಎಂದು ತಿಳಿದುಬಂತು. ಹಾರುವ ನೊಣವನ್ನು ಗಾಳಿಯಲ್ಲೇ ಹಿಡಿಯುವ ಜೀವಕ್ಕೆ ಇಂಥ ಕಣ್ಣು ಬೇಕೇಬೇಕು. ಲೆನ್ಸನ್ನು ಥಟ್ಟನೆ ಎಡಕ್ಕೆ ತಿರುಗಿಸುವ ಛಾಯಾಗ್ರಾಹಕ, ತಾನು ಕ್ಷಣಾರ್ಧದಲ್ಲಿ ಮುಗಿಸಿದೆನೆಂದುಕೊಂಡ ಆ ಚಲನೆ ಇಂಥ ಕಣ್ಣಿನ ಮುಂದೆ ನಡೆಯುತ್ತಿದೆ ಎಂಬುದನ್ನು ಮರೆಯಬಾರದು. ಹೈಡ್‌ನ ಬಟ್ಟೆಯನ್ನು ಬಿಗಿದು ಕಟ್ಟಬೇಕು ಎಂಬ ಹಳೆಯ ಬುದ್ಧಿಮಾತಿನ ಹಿಂದೆಯೂ ಇದೇ ಇದೆ. ಗಾಳಿಗೆ ಪಟಪಟನೆ ಬಡಿಯುವ ಬಟ್ಟೆಯೊಂದು ಒಳಗೆ ಯಾರೂ ಇಲ್ಲದಿದ್ದರೂ ಹಕ್ಕಿಗಳನ್ನು ದೂರವಿಡುತ್ತದೆ. ಹಾಗೆಯೇ, ಬೆನ್ನ ಹಿಂದಿನ ಬಾಗಿಲು ತೆರೆದಿದ್ದರೆ ಕಿಂಡಿಯಲ್ಲಿ ನಮ್ಮ ತಲೆಯ ನೆರಳಾಕೃತಿ ಆಡುವುದು ಹೊರಗಿನಿಂದ ಸ್ಪಷ್ಟವಾಗಿ ಕಾಣುವುದರಿಂದ, ಹೈಡ್‌ನ ಒಳಭಾಗ ಕತ್ತಲಾಗಿರಬೇಕು.

ಚಲನೆಯ ನಂತರದ ಲಕ್ಷಣ ನೋಟ. ನಮ್ಮ ಗೊರವಂಕಗಳ ಕುಟುಂಬಕ್ಕೇ ಸೇರಿದ ಸ್ಟಾರ್ಲಿಂಗ್ ಹಕ್ಕಿಗಳ ಮೇಲೆ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರದ ಬಟ್ಟಲಿನ ಬಳಿಯಿದ್ದ ಮನುಷ್ಯ ಅವುಗಳನ್ನೇ ನೋಡುತ್ತಿದ್ದಾಗ ಅವು ದೂರ ಉಳಿದವು, ಅವನು ಕಣ್ಣನ್ನು ಬೇರೆಡೆಗೆ ಹೊರಳಿಸಿದಾಗ ಬೇಗನೆ ಮೇಯಲು ಮರಳಿದವು. ತಲೆಯ ದಿಕ್ಕು ಬದಲಾಗದೆ ಕಣ್ಣು ಮಾತ್ರ ಹೊರಳಿದರೂ ಈ ವ್ಯತ್ಯಾಸ ಕಂಡಿತು. ದೊಡ್ಡ ಲೆನ್ಸಿನ ಹೊಳೆಯುವ ದುಂಡು ಗಾಜನ್ನು ಹಕ್ಕಿಗಳು ಮೊದಮೊದಲು ಶಂಕಿಸುವುದು ಇದಕ್ಕೇ ಇರಬಹುದು. ಹಿಂದಿನ ತಲೆಮಾರಿನವರು ಇದಕ್ಕೆ ಸುಲಭವಾದ ಉಪಾಯವೊಂದನ್ನು ಕಂಡುಕೊಂಡಿದ್ದರು. ಹೈಡ್ ಬಿಟ್ಟು ಹೊರಡುವಾಗ ಕಿಂಡಿಯಲ್ಲಿ ಲೆನ್ಸಿನ ಜಾಗಕ್ಕೆ ಗಾಜಿನ ಸೀಸೆಯೊಂದನ್ನು, ಅದರ ತಳ ಹೊರಗೆ ಕಾಣುವಂತೆ ತೂರಿಸಿಟ್ಟು ಹೋಗುತ್ತಿದ್ದರು. ಹಗಲೆಲ್ಲ ಅಲ್ಲಿಯೇ ಮಿರುಗುತ್ತ, ಯಾವ ಕೇಡನ್ನೂ ಮಾಡದೆ ಇದ್ದ ಆ ದುಂಡು ಗಾಜಿಗೆ ಹಕ್ಕಿ ಒಗ್ಗಿಕೊಳ್ಳುತ್ತಿತ್ತು. ಮರುದಿನ ಸೀಸೆಯ ಜಾಗದಲ್ಲಿ ಲೆನ್ಸ್ ಬಂದರೆ ಅದಕ್ಕೆ ಹೊಸತೇನೂ ಅನ್ನಿಸುತ್ತಿರಲಿಲ್ಲ.

ಕಿವಿಯ ವಿಚಾರವನ್ನು ಬೇಗನೆ ಮುಗಿಸಬಹುದು. ಹೆಚ್ಚಿನ ಹಾಡುಹಕ್ಕಿಗಳ ಶ್ರವಣ 1ರಿಂದ 5 ಕಿಲೋಹರ್ಟ್ಸ್ ನಡುವೆ ಅತ್ಯಂತ ಚುರುಕಾಗಿರುತ್ತದೆ. ಪಿಸುಮಾತಿನ ಹೆಚ್ಚಿನ ಅಂಶವೂ, ಶಟರಿನ ಟಕ್ ಸದ್ದಿನ ಸಾಕಷ್ಟು ಭಾಗವೂ ಇದೇ ವ್ಯಾಪ್ತಿಯೊಳಗೆ ಬೀಳುತ್ತದೆ. ಕನ್ನಡಿಯಿಲ್ಲದ ಈಗಿನ ಕ್ಯಾಮೆರಾಗಳ ಸದ್ದಿಲ್ಲದ ಶಟರ್ ಹೈಡ್ ಛಾಯಾಗ್ರಹಣಕ್ಕೆ ಸಿಕ್ಕ ದೊಡ್ಡ ಕೊಡುಗೆ.

ಇಷ್ಟೆಲ್ಲ ಶ್ರಮ ಹತ್ತಿರ ಹೋಗಲಿಕ್ಕಾಗಿ. ಹದಿನೈದು ಸೆಂಟಿಮೀಟರ್ ಉದ್ದದ ಹಕ್ಕಿಯೊಂದನ್ನು 600 ಮಿಲಿಮೀಟರ್ ಲೆನ್ಸಿನಲ್ಲಿ 20 ಮೀಟರ್ ದೂರದಿಂದ ನೋಡಿದರೆ, 24 ಮಿಲಿಮೀಟರ್ ಎತ್ತರದ ಸೆನ್ಸರ್ ಮೇಲೆ ಅದರ ಬಿಂಬ ಬೀಳುವುದು ಕೇವಲ ನಾಲ್ಕೂವರೆ ಮಿಲಿಮೀಟರಿನಷ್ಟು. ಅದೇ ಹಕ್ಕಿ 5 ಮೀಟರ್ ದೂರದಲ್ಲಿದ್ದರೆ ಬಿಂಬ 18 ಮಿಲಿಮೀಟರ್ ಆಗುತ್ತದೆ, ಗರಿಯ ಎಳೆಎಳೆಯೂ ದಾಖಲಾಗುತ್ತದೆ. ನಡುವಿನ ಬಿಸಿಗಾಳಿಯ ಕಂಪನದಿಂದ ಚಿತ್ರ ಮಸುಕಾಗುವುದೂ ಕಡಿಮೆಯಾಗುತ್ತದೆ. ಆದರೆ ಅಷ್ಟು ಹತ್ತಿರದಲ್ಲಿ, ಲೆನ್ಸಿನ ಬೆಳಕಿನ ರಂಧ್ರ ಎಫ್ 5.6ರಷ್ಟು ತೆರೆದಿದ್ದಾಗ, ಸ್ಪಷ್ಟವಾಗಿ ಮೂಡುವ ಆಳ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಷ್ಟೇ. ಹಕ್ಕಿ ಎದುರುಮುಖವಾಗಿ ನಿಂತರೆ ಕಣ್ಣು ಸ್ಪಷ್ಟವಾಗಿ, ಬಾಲ ಮಸುಕಾಗಿ ಬರುತ್ತದೆ; ತೊಟ್ಟಿಯ ಅಂಚಿನಲ್ಲಿ ಅದು ಪಕ್ಕಕ್ಕೆ ತಿರುಗುವವರೆಗೆ ಕಾಯಬೇಕು.

ನೀರಿನ ಬಳಿಯ ಹೈಡ್‌ನಲ್ಲಿ ಕೂರುವವರು ನೆನಪಿಡಬೇಕಾದ ಇನ್ನೊಂದು ಅಂಶವಿದೆ. ಮೀಯುವುದು ಹಕ್ಕಿಯ ಮೋಜಲ್ಲ, ಗರಿಗಳನ್ನು ಹದವಾಗಿಡುವ ಕೆಲಸ. ಮೀಯಲು ನೀರು ಸಿಗದ ಸ್ಟಾರ್ಲಿಂಗ್‌ಗಳನ್ನು ದಾರಗಳ ಅಡೆತಡೆಯ ನಡುವೆ ಹಾರಲು ಬಿಟ್ಟಾಗ, ಅವು ಮಿಂದ ಹಕ್ಕಿಗಳಿಗಿಂತ ಹೆಚ್ಚು ಸಲ ದಾರಗಳಿಗೆ ತಗುಲಿದವು ಎಂದು 2009ರ ಪ್ರಯೋಗವೊಂದು ತೋರಿಸಿದೆ. ಶಿಕ್ರಾ ಎಂಬ ಸಣ್ಣ ಗಿಡುಗ ಬೆನ್ನಟ್ಟಿದಾಗ ಕೊಂಬೆಗಳ ನಡುವೆ ನುಸುಳಿ ಪಾರಾಗಬೇಕಾದ ಹಕ್ಕಿಗೆ ಇದು ಸಣ್ಣ ಸಂಗತಿಯಲ್ಲ. ಒದ್ದೆಯಾದ ಗರಿಗಳಿಂದ ಹಾರುವುದು ಕಷ್ಟವಾದ್ದರಿಂದ, ತೊಟ್ಟಿಗಿಳಿದ ಆ ಅರ್ಧ ನಿಮಿಷ ಹಕ್ಕಿ ತನ್ನ ದಿನದ ಅತ್ಯಂತ ಅಸಹಾಯಕ ಸ್ಥಿತಿಗಳಲ್ಲಿ ಒಂದರಲ್ಲಿರುತ್ತದೆ. ನಮ್ಮಿಂದಾಗಿ ಮೀಯದೆ ಮರಳಿದ ಹಕ್ಕಿಗೆ ಆದ ನಷ್ಟ ಚಿತ್ರ ತಪ್ಪಿದ ನಮ್ಮ ನಷ್ಟಕ್ಕಿಂತ ಬಹಳ ದೊಡ್ಡದು.

ಗೂಡಿನ ಬಳಿಯ ಹೈಡ್ ಇದಕ್ಕಿಂತಲೂ ಸೂಕ್ಷ್ಮ. ಹಕ್ಕಿ ಛಾಯಾಗ್ರಹಣ ಹುಟ್ಟಿದ್ದೇ ಗೂಡುಗಳ ಬಳಿ ಎಂಬುದು ನಿಜ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಸಹೋದರರು ಗಾಜಿನ ಫಲಕದ ಭಾರದ ಕ್ಯಾಮೆರಾಗಳೊಂದಿಗೆ ಗೂಡುಗಳ ಬೆನ್ನು ಹತ್ತಿದರು. ಚರ್ಮದೊಳಗೆ ಟೊಳ್ಳು ಬಿಟ್ಟ ಎತ್ತಿನ ಬೊಂಬೆಯೊಂದನ್ನು ಮಾಡಿಸಿ ಅದರೊಳಗೆ ನಿಂತು ಚಿತ್ರ ತೆಗೆದರು. 1937ರಲ್ಲಿ ಬ್ರಿಟನ್ನಿನ ಹಕ್ಕಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ ವೇಲ್ಸ್‌ನಲ್ಲಿ ಟಾನಿ ಗೂಬೆಯ ಗೂಡಿನ ಹೈಡ್‌ಗೆ ರಾತ್ರಿ ಮರಳುವಾಗ ಗೂಬೆ ಎರಗಿ, ಅವರು ಎಡಗಣ್ಣನ್ನು ಕಳೆದುಕೊಂಡರು. ನಮ್ಮಲ್ಲಿಯೂ ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರ ತಲೆಮಾರಿನವರು ಅಪಾರ ತಾಳ್ಮೆಯಿಂದ ಹೈಡ್‌ಗಳಲ್ಲಿ ಕುಳಿತವರು. ಅಂದು ದೂರದಿಂದಲೇ ಚಿತ್ರ ತೆಗೆಯುವ ಇಂದಿನಂಥ ಲೆನ್ಸ್‌ಗಳು ಇರಲಿಲ್ಲ, ಹಕ್ಕಿ ಖಚಿತವಾಗಿ ಮರಳಿ ಬರುವ ಜಾಗ ಗೂಡೊಂದೇ ಆಗಿತ್ತು. ಇಂದು ಆ ಅನಿವಾರ್ಯವಿಲ್ಲ. ಗೂಡಿನ ಮೇಲೆ ಅಲುಗಾಡದೆ ಕುಳಿತ ಹಕ್ಕಿ ನಮ್ಮನ್ನು ಒಪ್ಪಿಕೊಂಡಿದೆ ಎಂದು ತಿಳಿಯುವುದೂ ತಪ್ಪು. ಮೊಟ್ಟೆಗೆ ಕಾವು ಕೊಡುತ್ತಿದ್ದ ಹಂಬೋಲ್ಟ್ ಪೆಂಗ್ವಿನ್‌ಗಳ ಹೃದಯ ಬಡಿತವನ್ನು ಅಳೆದ ಅಧ್ಯಯನದಲ್ಲಿ, ಮನುಷ್ಯನೊಬ್ಬ 150 ಮೀಟರ್ ದೂರದಲ್ಲಿ ಹಾದುಹೋದಾಗಲೂ ಬಡಿತ ಏರಿದ್ದು ಕಂಡುಬಂತು. ಹೊರಗೆ ಕಾಣುವ ಶಾಂತಿ ಒಳಗಿನ ಶಾಂತಿಯ ಸಾಕ್ಷಿಯಲ್ಲ. ಆದ್ದರಿಂದ ಗೂಡಿನ ಚಿತ್ರಗಳನ್ನು ಸ್ವೀಕರಿಸದ ಛಾಯಾಚಿತ್ರ ಸ್ಪರ್ಧೆಗಳ ನಿಲುವನ್ನು ನಾನು ಮನಸಾರೆ ಒಪ್ಪುತ್ತೇನೆ.

ಅಭಯಾರಣ್ಯಗಳಲ್ಲಿ ಹೈಡ್ ಕಟ್ಟುವಾಗ ಎಲ್ಲರ ಗಮನವೂ ಗೋಡೆ, ಕಿಂಡಿ, ಆಸನಗಳ ಮೇಲಿರುತ್ತದೆ. ಅಲ್ಲಿಗೆ ಹೋಗುವ ದಾರಿಯನ್ನು ಯಾರೂ ಯೋಚಿಸುವುದಿಲ್ಲ. ಕೆರೆಯ ದಂಡೆಯಲ್ಲಿ ಬಯಲಿನ ನಡುವೆ ನಿಂತ ಹೈಡ್‌ಗೆ ಹತ್ತು ಜನ ಸಾಲಾಗಿ ನಡೆದು ಹೋದರೆ, ಒಳಗೆ ಎಷ್ಟು ಮೌನವಾಗಿ ಕುಳಿತರೂ ಹಕ್ಕಿಗಳು ಆಗಲೇ ಎದುರು ದಡಕ್ಕೆ ಸರಿದಿರುತ್ತವೆ. ದಾರಿಯ ಇಕ್ಕೆಲಗಳಲ್ಲಿ ಆಳೆತ್ತರದ ಬಿದಿರಿನ ತಟ್ಟಿಯನ್ನೋ ಸ್ಥಳೀಯ ಪೊದೆಗಳ ಬೇಲಿಯನ್ನೋ ಬೆಳೆಸುವುದು, ಹಕ್ಕಿಗಳು ಬರುವ ಮೊದಲೇ ಒಳಸೇರಿ ಅವು ಹೋದ ಮೇಲೆ ಹೊರಬರುವಂತೆ ಸಮಯ ಗೊತ್ತುಮಾಡುವುದು, ಒಮ್ಮೆಗೆ ಕೂರುವವರ ಸಂಖ್ಯೆಯನ್ನು ಬಿಗಿಯಾಗಿ ಮಿತಗೊಳಿಸುವುದು, ಹೊಸ ಹೈಡ್ ಕಟ್ಟಿದ ಮೇಲೆ ಹಕ್ಕಿಗಳು ಅದಕ್ಕೆ ಒಗ್ಗುವವರೆಗೆ ಕೆಲವು ವಾರ ಅದನ್ನು ಖಾಲಿ ಬಿಡುವುದು, ಇವು ಯಾವುವೂ ಹೆಚ್ಚು ಖರ್ಚಿನವಲ್ಲ. ಪ್ರವಾಸಿಗರ ಹಂಗಾಮು ಮುಗಿದೊಡನೆ ತೊಟ್ಟಿಗಳನ್ನು ಒಣಗಲು ಬಿಡದೆ, ನೀರನ್ನು ದಿನವೂ ಬದಲಿಸಿ ತೊಟ್ಟಿ ತೊಳೆಯುವುದನ್ನೂ ಇದೇ ಜವಾಬ್ದಾರಿಯೊಳಗೆ ಸೇರಿಸಬೇಕು. ಹಲವು ಜಾತಿಯ ಹಕ್ಕಿಗಳು ಒಂದೇ ನೀರಿಗೆ ಇಳಿಯುವಲ್ಲಿ ಕೊಳಕು ತೊಟ್ಟಿಯಿಂದ ರೋಗ ಹರಡುವುದು ಬಲು ಸುಲಭ.